ಬಲ್ಬು ಉರಿದದ್ದು ಗಾಳಿಗಲ್ಲ, ಸೆಲ್ಲಿಗೆ

ಮಾನ್ಯ ಸಂಪಾದಕರೇ,

ಮೊನ್ನೆ ಮಗಳ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇತ್ತು. ಥರ್ಮಾಕೋಲಿನ ಗುಡ್ಡ, ಅದರ ಮೇಲೆ ಗಾಳಿಯಂತ್ರ, ಕೆಳಗೊಂದು ಪುಟ್ಟ ಬಲ್ಬು. ಫಸ್ಟ್ ಪ್ರೈಜ್ ಅದಕ್ಕೇ. ಫ್ಯಾನ್ ತಿರುಗಿದರೆ ಕರೆಂಟ್ ಬರುತ್ತದೆ ಎಂದು ಹುಡುಗ ಗಡಗಡ ಒಪ್ಪಿಸಿದ. ನಾನು ಸುಮ್ನೆ ಬೆರಳಿಟ್ಟು ಫ್ಯಾನ್ ನಿಲ್ಲಿಸಿದೆ. ಬಲ್ಬು ಉರಿಯುತ್ತಲೇ ಇತ್ತು! ಗುಡ್ಡದ ಹೊಟ್ಟೆಯೊಳಗೆ ಸೆಲ್ ಇಟ್ಟಿದ್ದರು. ಹುಡುಗನದೇನೂ ತಪ್ಪಿಲ್ಲ, ಪಾಪ, ಅಂಗಡಿಯಿಂದ ರೆಡಿಮೇಡ್ ತಂದುಕೊಟ್ಟವರು ಮನೆಯ ದೊಡ್ಡವರು.

ನಾನು ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಲೇತ್, ಅಂದರೆ ಲೋಹ ಕಡೆಯುವ ಯಂತ್ರ, ಇಟ್ಟುಕೊಂಡವನು. ಕೆಲಸ ಕೇಳಿ ಬರುವ ಡಿಪ್ಲೊಮಾ ಹುಡುಗರು ಸೂಕ್ಷ್ಮ ಅಳತೆಯ ಸಾಧನ ವರ್ನಿಯರ್‌ನ ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ) 0.02 ಮಿ.ಮೀ. ಎಂದು ಕೇಳುವ ಮೊದಲೇ ಹೇಳುತ್ತಾರೆ, ಕೈಗೆ ಶಾಫ್ಟ್ (ಲೋಹದ ದಂಡ) ಕೊಟ್ಟರೆ ವರ್ನಿಯರನ್ನು ಓರೆ ಹಿಡಿದು ಅಳೆಯುತ್ತಾರೆ.

ಅವತ್ತು ರಾತ್ರಿ ಮಗಳ ಹಳೇ ಆಟದ ಕಾರು ಬಿಚ್ಚಿ ಮೋಟಾರ್ ತೆಗೆದೆವು, ಅದನ್ನು ನಾವೇ ತಿರುಗಿಸಿದರೆ ಕರೆಂಟ್ ಕೊಡುತ್ತದೆ. ಅದಕ್ಕೆ ಕೆಂಪು ಎಲ್‌ಇಡಿ ಕಟ್ಟಿ, ರಟ್ಟಿನ ಫ್ಯಾನ್ ಸಿಕ್ಕಿಸಿ, ಊದಿ ಊದಿ ಸಾಕಾಯಿತು, ಬೆಳಕಿಲ್ಲ. ಆ ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು, ಮೋಟಾರ್ ಅಷ್ಟು ಜೋರಾಗಿ ತಿರುಗುತ್ತಿರಲಿಲ್ಲ. ಫ್ಯಾನ್ ಕಿತ್ತು, ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಮೋಟಾರಿನ ಕಡ್ಡಿಯನ್ನು ಹಿಂದಿನ ಟಯರಿಗೆ ಒತ್ತಿ ಹಿಡಿದು ಪೆಡಲ್ ತಿರುಗಿಸು ಅಂದೆ. ಆಗಲೂ ಇಲ್ಲ. ಅವಳೇ ವೈರ್ ಅದಲು ಬದಲು ಮಾಡಿದಳು, ಹತ್ತಿತು ನೋಡಿ! ಎಲ್‌ಇಡಿಯಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ, ಅಲ್ವಾ? ಟಯರ್ ಒಂದು ಸುತ್ತು ಹಾಕುವಷ್ಟರಲ್ಲಿ ಆ ಕಡ್ಡಿ ನೂರಾರು ಸುತ್ತು ಹಾಕುತ್ತದೆ. ಗದಗದ ಕಪ್ಪತಗುಡ್ಡದ ಗಾಳಿಯಂತ್ರ ಅಷ್ಟು ನಿಧಾನ ತಿರುಗಿದರೂ ಕರೆಂಟ್ ಹೇಗೆ ಅಂತ ಬಸ್ಸಿನಲ್ಲಿ ಕೇಳಿದ್ದಳು, ಆಗ ನನಗೆ ಸರಿಯಾಗಿ ಹೇಳಲು ಬಂದಿರಲಿಲ್ಲ. ಅಂಥ ಬಹಳಷ್ಟು ಯಂತ್ರಗಳೊಳಗೆ ವೇಗ ಹೆಚ್ಚಿಸಲು ಗೇರ್‌ಬಾಕ್ಸ್ ಇರುತ್ತದೆ ಅಂದಾಗ, "ಸೈಕಲ್ ಟಯರಿನಂಗ ಏನಪ್ಪಾ?" ಅಂದಳು.

ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದು ಕೇಂದ್ರ ಸರ್ಕಾರ 2016ರಲ್ಲಿ ಶುರು ಮಾಡಿದ ಅಟಲ್ ಟಿಂಕರಿಂಗ್ ಲ್ಯಾಬಿಗೆ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಇದೆ. ಸಿಕ್ಕವರಿಗೆ ಒಳ್ಳೇದೇ. ಸಿಗದ ಶಾಲೆಗಳು ಕಾಯುತ್ತಾ ಕೂರಬೇಕಿಲ್ಲ, ಹಾಳಾದ ಆಟಿಕೆಯ ಮೋಟಾರ್ ಸಾಕು. ಪ್ರದರ್ಶನದಲ್ಲಿ ಬಣ್ಣಕ್ಕೆ ಮಾರ್ಕ್ಸ್ ಕೊಡುವುದು ಬಿಡಿ. ಎಲ್ಲಿ ಕೆಟ್ಟಿತು, ಏನು ಬದಲಿಸಿದೆ ಎಂದು ಮಗುವನ್ನು ಕೇಳಿ, ಅದಕ್ಕೆ ಕೊಡಿ. ತುಂಡು ಶಾಫ್ಟು, ಹಳೇ ಬೇರಿಂಗು ನಮ್ಮಂಥವರ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತವೆ. ಮೇಷ್ಟ್ರು ಚೀಲ ತಂದರೆ ತುಂಬಿಸಿ ಕಳಿಸುತ್ತೇವೆ.

- ಲೇತ್ ಕೆಲಸದವ, ಗೋಕುಲ ರೋಡ್, ಹುಬ್ಬಳ್ಳಿ