ಬೂಟು ಅಟ್ಟ ಸೇರಿತು

ಕಳೆದ ಶನಿವಾರ ಮಗನ ಕಂಬಿಯ ಬೂಟು ಒರೆಸಿ ಅಟ್ಟಕ್ಕೆ ಹಾಕಿದೆ. "ಸಾಕಮ್ಮ, ಇನ್ನು ರಾತ್ರಿ ಹಾಗೇ ಮಲಗಲಿ" ಅಂದರು ಡಾಕ್ಟರ್. ಅವನಿಗೀಗ ನಾಲ್ಕೂವರೆ ವರ್ಷ.

ಹುಟ್ಟಿದಾಗ ಎರಡೂ ಪಾದ ಒಳಕ್ಕೆ ತಿರುಗಿ, ಹಿಮ್ಮಡಿ ಮೇಲೆದ್ದಿತ್ತು. ಕ್ಲಬ್‌ಫುಟ್ ಅಂದರು. ಸಾವಿರ ಮಕ್ಕಳಲ್ಲಿ ಸುಮಾರು ಒಂದಕ್ಕೆ ಬರುತ್ತದೆ, ಗಂಡುಮಕ್ಕಳಿಗೇ ಜಾಸ್ತಿ. ನಮ್ಮತ್ತೆ ಮಾತ್ರ, "ಗ್ರಹಣದ ದಿನ ನೀನು ಹೊರಗೆ ಹೋಗಿದ್ದೆ ಅಲ್ವಾ?" ಅಂದರು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ನಾವು ಮೊದಲು ತೋರಿಸಿದ ಡಾಕ್ಟರ್, "ವರ್ಷ ತುಂಬಲಿ, ಆಪರೇಶನ್ ಮಾಡೋಣ" ಎಂದು ಕಳಿಸಿದ್ದರು.

ಒಂದೂವರೆ ತಿಂಗಳ ಲಸಿಕೆಗೆ ಹೋದಾಗ ಅಲ್ಲಿನ ನರ್ಸಮ್ಮ ಕಾಲು ನೋಡಿ ಬೈದರು. "ಸುಮ್ನೆ ಯಾಕೆ ಕಾಯ್ತಿದ್ದೀರಿ? ಮಕ್ಕಳ ಮೂಳೆ ಡಾಕ್ಟರ್ ಹತ್ರ ಹೋಗಿ. ಪೊನ್ಸೆಟಿ ಪ್ಲಾಸ್ಟರ್ ಹಾಕ್ತೀರಾ, ವಾರಕ್ಕೆ ಎಷ್ಟು ಮಕ್ಕಳಿಗೆ ಹಾಕ್ತೀರಾ ಅಂತ ಕೇಳಿ." ಮೊದಲ ನಮಸ್ಕಾರ ಆ ಬೈಗುಳಕ್ಕೆ.

ಹೊಸ ಡಾಕ್ಟರ್ ಗ್ರಹಣದ ಮಾತು ಕೇಳಿ ನಗಲಿಲ್ಲ. ಅತ್ತೆಯನ್ನೇ ಒಳಗೆ ಕರೆದು ಕೂರಿಸಿ, ಇದು ತಾಯಿ ಏನೋ ಮಾಡಿದ್ದರಿಂದ ಬರುವಂಥದ್ದಲ್ಲ ಎಂದು ತಿಳಿಸಿ ಹೇಳಿದರು. ಎಳೆಗೂಸಿನ ಪಾದ ಮೆತ್ತಗಿರುತ್ತದೆ. ಪ್ರತಿವಾರ ಕೈಯಲ್ಲೇ ಸ್ವಲ್ಪ ಸ್ವಲ್ಪ ತಿದ್ದಿ, ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಅಮೆರಿಕದ ಅಯೋವಾದಲ್ಲಿ ಡಾ. ಪೊನ್ಸೆಟಿ 1940ರ ದಶಕದಲ್ಲೇ ಶುರು ಮಾಡಿದ ವಿಧಾನವಂತೆ. ನಮ್ಮವನಿಗೆ ಆರು ಸಲ ಹಾಕಿದರು. ಆಮೇಲೆ ಹಿಮ್ಮಡಿಯ ನರದಂಥ ಬಿಗಿ ಪಟ್ಟಿಗೆ ಒಂದು ಸಣ್ಣ ಕೊಯ್ತ, ಮತ್ತೆ ಮೂರು ವಾರ ಪ್ಲಾಸ್ಟರ್. ಅಲ್ಲಿ ಪ್ಲಾಸ್ಟರ್ ಹಾಕುತ್ತಿದ್ದ ಅಣ್ಣನಿಗೆ ಎಷ್ಟು ಹೇಳಿದರೂ ಸಾಲದು. ಮಗು ಕಿರುಚಿದರೆ ಅವರೇ ಹಾಡು ಶುರು ಮಾಡುತ್ತಿದ್ದರು, ಶ್ರುತಿ ಇಲ್ಲದೆ!

ಪಾದ ನೆಟ್ಟಗಾಯಿತು, ಮುಗಿಯಿತು ಅಂದುಕೊಂಡೆವು. ಕಷ್ಟ ಅಲ್ಲಿಂದಲೇ ಶುರು. ಎರಡು ಬೂಟು, ನಡುವೆ ಕಂಬಿ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ವರ್ಷಗಟ್ಟಲೆ ನಿದ್ದೆಯ ಹೊತ್ತಿನಲ್ಲಿ. ಬೂಟು ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಮದುವೆಮನೆಗೆ ಹೋದಾಗ "ಒಂದು ರಾತ್ರಿ ಬಿಡಿ, ಪಾಪ" ಅಂದವರಿಗೆಲ್ಲ ಉತ್ತರ ಕೊಟ್ಟಿದ್ದು ಯಾರು ಗೊತ್ತಾ? ಗ್ರಹಣದ ಅತ್ತೆಯೇ. "ನೀವು ಬಂದು ಪ್ಲಾಸ್ಟರ್ ಹಾಕಿಸ್ತೀರಾ?" ಅಂತ ಜೋರು ಮಾಡಿ, ತಾವೇ ಕೂತು ಬೂಟಿನ ಪಟ್ಟಿ ಬಿಗಿದರು. ಅತ್ತೆ, ನಿಮಗೆ ಎದುರಿಗೆ ಹೇಳಲು ನಾಚಿಕೆ. ಇಲ್ಲೇ ಓದಿಕೊಳ್ಳಿ.

ದುಡ್ಡಿಗೆ ಹೆದರಿ ಯಾರೂ ಸುಮ್ಮನಿರಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆ ಇದೆ. ಮಕ್ಕಳ ಆರೋಗ್ಯ ತಪಾಸಣೆಗಿರುವ ಸರ್ಕಾರದ ಆರ್‌ಬಿಎಸ್‌ಕೆ ಯೋಜನೆಯ ಪಟ್ಟಿಯಲ್ಲಿ ಕ್ಲಬ್‌ಫುಟ್ ಸೇರಿದೆ. ಅಂಗನವಾಡಿಯಲ್ಲಿ ವಿಚಾರಿಸಿ.

ಕೊನೆಯದಾಗಿ ಕೆಳಮನೆ ಆಂಟಿ. ನಮ್ಮ ಮನೆಯಲ್ಲಿ ಇಷ್ಟು ವರ್ಷ ರಾತ್ರಿಯಿಡೀ ಕಂಬಿ ನೆಲಕ್ಕೆ ಠಕ್ ಠಕ್ ಬಡಿದರೂ ಒಂದು ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಹಾಲು ತರಲು ಇಳಿದಾಗ ಕೇಳಿದರು, "ಎರಡು ದಿನದಿಂದ ಸದ್ದೇ ಇಲ್ಲ, ಊರಿಗೆ ಹೋಗಿದ್ರಾ?"