ಗ್ರೀನ್ ಕಾರ್ ಪ್ರಶಸ್ತಿ ಕೊಡೋರು ಚಾರ್ಜಿಂಗ್ ಕೇಬಲ್ ಕಡೆನೂ ನೋಡ್ಲಿ

ಮಾನ್ಯ ಸಂಪಾದಕರೇ, ನಮಸ್ಕಾರ.

ವಾಹನ ಪುಟದಲ್ಲಿ ಗ್ರೀನ್ ಕಾರ್ ಪ್ರಶಸ್ತಿ ಸುದ್ದಿ ಬಂದಾಗೆಲ್ಲ ನಾನು ಮೊದ್ಲು ನೋಡೋದು ಗೆದ್ದಿದ್ದು ಪೂರ್ತಿ ಎಲೆಕ್ಟ್ರಿಕ್ಕಾ ಇಲ್ಲಾ ಪ್ಲಗ್-ಇನ್ ಹೈಬ್ರಿಡ್ಡಾ (ವೈರ್ ಚುಚ್ಚಿ ಚಾರ್ಜ್ ಮಾಡೋ ಬ್ಯಾಟರಿನೂ ಪೆಟ್ರೋಲ್ ಎಂಜಿನ್ನೂ ಎರಡೂ ಇರೋದು) ಅಂತ. ಇವೆರಡನ್ನೂ ಒಂದೇ ಸಾಲಲ್ಲಿ ನಿಲ್ಸಿ ಲ್ಯಾಬಲ್ಲಿ ಬಂದ ನಂಬರ್ ಮೇಲೆ ಮಾರ್ಕ್ಸ್ ಹಾಕೋದು ತಪ್ಪು. ಎಲೆಕ್ಟ್ರಿಕ್ ಕಾರು ಯಾರ ಕೈಗೆ ಹೋದ್ರೂ ಕರೆಂಟಲ್ಲೇ ಓಡ್ಬೇಕು, ಪ್ಲಗ್-ಇನ್ ಹಾಗಲ್ಲ, ಓನರ್ ದಿನಾ ಚಾರ್ಜಿಗೆ ಹಾಕಿದ್ರೆ ಅದು ಹಸಿರು, ಹಾಕ್ಲಿಲ್ಲ ಅಂದ್ರೆ ಸುಮ್ನೆ ಭಾರದ ಬ್ಯಾಟರಿ ಹೊತ್ಕೊಂಡು ತಿರುಗೋ ಪೆಟ್ರೋಲ್ ಕಾರು.

ಈ ಪೈಪೋಟಿ ಶುರುವಾಗಿ ಬಹಳ ವರ್ಷ ಆಯ್ತು. ಅಮೆರಿಕದ ಗ್ರೀನ್ ಕಾರ್ ಜರ್ನಲ್ ಅನ್ನೋ ಪತ್ರಿಕೆ 2011ರ ಪ್ರಶಸ್ತಿಗೆ ಕಾರು ಆರಿಸುವಾಗ ಫೈನಲಲ್ಲಿ ಷೆವರ್ಲೆ ವೋಲ್ಟೂ ಇತ್ತು, ನಿಸಾನ್ ಲೀಫೂ ಇತ್ತು. ವೋಲ್ಟಲ್ಲಿ 16 ಯೂನಿಟ್ (ಕಿಲೋವ್ಯಾಟ್-ಅವರ್) ಬ್ಯಾಟರಿ ಜೊತೆಗೆ ಪೆಟ್ರೋಲ್ ಎಂಜಿನ್, ಲೀಫಲ್ಲಿ 24 ಯೂನಿಟ್ ಬ್ಯಾಟರಿ ಮಾತ್ರ, ಎಂಜಿನ್ನೇ ಇಲ್ಲ. ಗೆದ್ದಿದ್ದು ವೋಲ್ಟ್. ಪೆಟ್ರೋಲ್ ಕುಡಿಯೋ ಕಾರಿಗೆ ಹಸಿರು ಪ್ರಶಸ್ತಿನಾ ಅಂತ ಆಗ ಬೇಜಾರಾದೋರು ಇದ್ದೇ ಇರ್ತಾರೆ, ಆದ್ರೆ ಆಮೇಲೆ ಅಮೆರಿಕ ಸರ್ಕಾರದ ಇಡಾಹೋ ನ್ಯಾಷನಲ್ ಲ್ಯಾಬೊರೇಟರಿಯವರು ಸಾವಿರಾರು ಕಾರುಗಳಿಂದಲೇ ಡೇಟಾ ತಗೊಂಡು ಲೆಕ್ಕ ಹಾಕಿದ್ರು ನೋಡಿ, ಲೀಫ್ ವರ್ಷಕ್ಕೆ ಸರಾಸರಿ ಸುಮಾರು 15,600 ಕಿ.ಮೀ. ಓಡಿತ್ತು, ವೋಲ್ಟ್ ಬರೀ ಕರೆಂಟಲ್ಲೇ ಹೆಚ್ಚುಕಮ್ಮಿ 14,700 ಕಿ.ಮೀ. ಓಡಿತ್ತು! ಅಂದ್ರೆ ಮೂರರಲ್ಲಿ ಎರಡು ಭಾಗದ ಬ್ಯಾಟರಿ ಇಟ್ಕೊಂಡು ಹತ್ತತ್ರ ಅಷ್ಟೇ ಕೆಲಸ. ಅದಕ್ಕೆ ಕಾರಣ ಓನರ್‌ಗಳು, ಮನೇಲಿ ಚಾರ್ಜರ್ ಹಾಕಿಸ್ಕೊಂಡು ತಪ್ಪದೆ ಚಾರ್ಜ್ ಮಾಡ್ತಿದ್ರು.

ಈಗ ಯುರೋಪ್ ನೋಡಿ. ಅಲ್ಲಿ 2021ರಿಂದ ಬಂದ ಹೊಸ ಕಾರುಗಳು ಎಷ್ಟು ಪೆಟ್ರೋಲ್ ಕುಡಿದ್ವು ಅಂತ ತಾವೇ ರೆಕಾರ್ಡ್ ಮಾಡ್ಕೊಳ್ತಾವೆ. ಆ ಡೇಟಾ ಇಟ್ಕೊಂಡು ಯುರೋಪಿಯನ್ ಕಮಿಷನ್ 2024ರಲ್ಲಿ ಹೇಳಿದ್ದು ಏನಂದ್ರೆ ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೇಲಿ ಉಗುಳೋ ಕಾರ್ಬನ್ ಡೈ ಆಕ್ಸೈಡ್ ಲ್ಯಾಬ್ ಟೆಸ್ಟ್ ಸರ್ಟಿಫಿಕೇಟಲ್ಲಿ ಇರೋದಕ್ಕಿಂತ ಸರಾಸರಿ 3.5 ಪಟ್ಟು ಜಾಸ್ತಿ. ಯಾಕೆ ಹಿಂಗಾಯ್ತು ಅಂದ್ರೆ ಅಲ್ಲಿ ಬಹಳಷ್ಟು ಪ್ಲಗ್-ಇನ್‌ಗಳು ಕಂಪನಿ ಕಾರುಗಳು, ಟ್ಯಾಕ್ಸ್ ರಿಯಾಯಿತಿ ಸಿಗುತ್ತೆ ಅಂತ ತಗೊಳ್ತಾರೆ, ಪೆಟ್ರೋಲಿಗೆ ಕಂಪನಿ ಕೊಟ್ಟಿರೋ ಫ್ಯುಯೆಲ್ ಕಾರ್ಡ್ ಇರುತ್ತೆ, ಮನೇಲಿ ಚಾರ್ಜ್ ಮಾಡಿದ್ರೆ ಎಷ್ಟೋ ಸಲ ಬಿಲ್ ಓಡಿಸೋರ ಜೇಬಿಂದ, ಇನ್ನು ಯಾರು ತಾನೇ ವೈರ್ ಚುಚ್ತಾರೆ? ಐಸಿಸಿಟಿ (ವಾಹನ ಮಾಲಿನ್ಯದ ಬಗ್ಗೆ ಅಧ್ಯಯನ ಮಾಡೋ ಸಂಸ್ಥೆ) ಮತ್ತು ಜರ್ಮನಿಯ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆ 2022ರಲ್ಲಿ ಮಾಡಿದ ಅಧ್ಯಯನದ ಪ್ರಕಾರ ಖಾಸಗಿ ಓನರ್‌ಗಳು ಅರ್ಧದ ಹತ್ರ ಕರೆಂಟಲ್ಲಿ ಓಡಿಸಿದ್ರೆ ಕಂಪನಿ ಕಾರಿನೋರು ನೂರಕ್ಕೆ 11ರಿಂದ 15 ಅಷ್ಟೇ. ಬ್ರಿಟನ್ನಲ್ಲಂತೂ 2018ರಲ್ಲಿ ಬಂದ ವರದಿಗಳಲ್ಲಿ ಕಂಪನಿ ಕಾರುಗಳ ಚಾರ್ಜಿಂಗ್ ಕೇಬಲ್ ಕವರ್ ಕೂಡ ಬಿಚ್ಚದೆ ಡಿಕ್ಕಿಲೇ ಬಿದ್ದಿತ್ತು ಅಂತ ಇತ್ತು. ಓದಿ ನಿಜಕ್ಕೂ ಸಿಟ್ಟು ಬಂತು, ಜನರ ತೆರಿಗೆ ದುಡ್ಡಲ್ಲಿ ಕೊಟ್ಟ ರಿಯಾಯಿತಿ ಅದು.

ಹಾಗಂತ ಪ್ಲಗ್-ಇನ್ ಎಲ್ಲಾ ಮೋಸ, ಎಲೆಕ್ಟ್ರಿಕ್ ಎಲ್ಲಾ ಪುಣ್ಯ ಅಂತ ನಾನು ಹೇಳ್ತಿಲ್ಲ. ಇಂಧನ ಉಳಿತಾಯದ ಬಗ್ಗೆ ಕೆಲಸ ಮಾಡೋ ಅಮೆರಿಕದ ಎಸಿಇಇಇ ಸಂಸ್ಥೆ ಬ್ಯಾಟರಿ ತಯಾರಿಕೆಯ ಹೊಗೆ, ಕರೆಂಟ್ ಉತ್ಪಾದನೆಯ ಹೊಗೆ ಎಲ್ಲಾ ಸೇರಿಸಿ ಮಾರ್ಕ್ಸ್ ಹಾಕುತ್ತೆ, 2024ರ ಪಟ್ಟೀಲಿ ಮೊದಲನೇ ಜಾಗ ಬಂದಿದ್ದು ಟೊಯೋಟಾ ಪ್ರಿಯಸ್ ಪ್ರೈಮ್ ಅನ್ನೋ ಪ್ಲಗ್-ಇನ್‌ಗೆ, ಎಲ್ಲಾ ಎಲೆಕ್ಟ್ರಿಕ್ ಕಾರುಗಳೂ ಅದರ ಹಿಂದೆ. 13.6 ಯೂನಿಟ್ ಬ್ಯಾಟರಿ, ಸುಮಾರು 70 ಕಿ.ಮೀ. ಕರೆಂಟಲ್ಲಿ ಹೋಗುತ್ತೆ, ದಿನಾ ಆಫೀಸಿಗೆ ಹೋಗಿಬರೋಕೆ ಸಾಕು. ಇನ್ನೊಂದು ಕಡೆ ಜಿಎಂಸಿ ಹಮ್ಮರ್ ಇದೆ, 4 ಟನ್ ದಾಟೋ ತೂಕ, 200 ಯೂನಿಟ್‌ಗಿಂತ ದೊಡ್ಡ ಬ್ಯಾಟರಿ, ಎಲೆಕ್ಟ್ರಿಕ್ ಅನ್ನೋ ಒಂದೇ ಕಾರಣಕ್ಕೆ ಅದನ್ನ ಹಸಿರು ಅನ್ನೋಕೆ ನನಗಂತೂ ಮನಸ್ಸು ಬರಲ್ಲ. ಆದ್ರೆ ಪ್ರಿಯಸ್ ಪಡೆದ ಮಾರ್ಕ್ಸಲ್ಲೂ ಓನರ್ ಚಾರ್ಜ್ ಮಾಡ್ತಾನೆ ಅನ್ನೋ ಊಹೆ ಸೇರಿದೆ, ಅದನ್ನ ಮರೀಬಾರ್ದು.

ನಮ್ಮಲ್ಲಿ ಇಂಡಿಯನ್ ಕಾರ್ ಆಫ್ ದಿ ಇಯರ್ ಜೊತೆಗೆ ಕೊಡೋ ಗ್ರೀನ್ ಕಾರ್ ಪ್ರಶಸ್ತಿ 2023ರಲ್ಲಿ ಕಿಯಾ ಇವಿ6ಗೆ, 2024ರಲ್ಲಿ ಹ್ಯುಂಡೈ ಅಯಾನಿಕ್ 5ಗೆ ಹೋಯ್ತು, ಎರಡೂ ಪೂರ್ತಿ ಎಲೆಕ್ಟ್ರಿಕ್, ಎರಡೂ 40 ಲಕ್ಷದ ಮೇಲಿನ ಕಾರು. ಪ್ಲಗ್-ಇನ್‌ಗಳು ನಮ್ಮ ಮಾರ್ಕೆಟಲ್ಲಿ ಇನ್ನೂ ಅಪರೂಪ. ಬಿಡದಿಲಿ ತಯಾರಾಗೋ ಇನ್ನೋವಾ ಹೈಕ್ರಾಸ್, ಹೈರೈಡರ್ ಹೈಬ್ರಿಡ್‌ಗಳಿಗೆ ಪ್ಲಗ್ಗೇ ಇಲ್ಲ, ಅವು ಸ್ಟ್ರಾಂಗ್ ಹೈಬ್ರಿಡ್, ಓಡ್ತಾ ಓಡ್ತಾ ತಾವೇ ಚಾರ್ಜ್ ಆಗೋದು. ಆದ್ರೆ ಉತ್ತರ ಪ್ರದೇಶ ಸರ್ಕಾರ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್ಡು, ಪ್ಲಗ್-ಇನ್ನು ಎರಡಕ್ಕೂ ಒಟ್ಟಿಗೆ ರಿಜಿಸ್ಟ್ರೇಷನ್ ಟ್ಯಾಕ್ಸ್ ಮಾಫಿ ಮಾಡ್ತು, ಇಂಥ ರಿಯಾಯಿತಿ ಬಂತು ಅಂದ್ರೆ ಪ್ಲಗ್-ಇನ್‌ಗಳೂ ಹಿಂದೇನೇ ಬರ್ತಾವೆ. ಬೆಂಗಳೂರಲ್ಲಿ ಎಷ್ಟೋ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸ್ಕೊಳ್ಳೋಕೆ ಅಸೋಸಿಯೇಷನ್ ಹತ್ರ ತಿಂಗಳುಗಟ್ಟಲೆ ಗುದ್ದಾಡ್ಬೇಕು. ಎಲೆಕ್ಟ್ರಿಕ್ ತಗೊಂಡೋರು ಬೇರೆ ಗತಿ ಇಲ್ದೆ ಗುದ್ದಾಡ್ತಾರೆ, ಪ್ಲಗ್-ಇನ್ ತಗೊಂಡೋರು ಬಿಡಿ ಪೆಟ್ರೋಲ್ ಇದೆಯಲ್ಲ ಅಂತ ಸುಮ್ನಾಗ್ತಾರೆ, ನಂಗೆ ಭಯ ಇರೋದು ಅದಕ್ಕೇ.

ಲ್ಯಾಬ್ ನಂಬರ್ ನಂಬಿ ಪ್ರಶಸ್ತಿ ಕೊಟ್ರೆ ಏನಾಗುತ್ತೆ ಅಂತ ಅದೇ ಗ್ರೀನ್ ಕಾರ್ ಜರ್ನಲ್‌ಗೆ ಚೆನ್ನಾಗಿ ಗೊತ್ತು. 2009ರಲ್ಲಿ ಫೋಕ್ಸ್‌ವ್ಯಾಗನ್ ಜೆಟ್ಟಾ ಡೀಸೆಲ್, 2010ರಲ್ಲಿ ಆಡಿ ಎ3 ಡೀಸೆಲ್ ಗೆದ್ದಿದ್ವು, 2015ರಲ್ಲಿ ಫೋಕ್ಸ್‌ವ್ಯಾಗನ್ ಗುಂಪು ಹೊಗೆ ಪರೀಕ್ಷೇಲಿ ಮಾಡಿದ್ದ ವಂಚನೆ ಬಯಲಾದ್ಮೇಲೆ ಎರಡೂ ಪ್ರಶಸ್ತಿ ವಾಪಸ್ ತಗೊಂಡ್ರು. ಪ್ಲಗ್-ಇನ್‌ಗಳದ್ದು ವಂಚನೆ ಅಲ್ಲ, ಟೆಸ್ಟ್ ನಿಯಮನೇ ಸಡಿಲ, ಆದ್ರೆ ಕಾಗದಕ್ಕೂ ರಸ್ತೆಗೂ ಇರೋ ದೂರ ಮಾತ್ರ ಅಲ್ಲೂ ಇತ್ತು ಇಲ್ಲೂ ಇದೆ.

ಜ್ಯೂರಿಯವರು ಪ್ಲಗ್-ಇನ್‌ಗೆ ಬೇರೆ ವಿಭಾಗ ಮಾಡ್ಲಿ, ಕಾರು ಮಾರ್ಕೆಟಿಗೆ ಬಂದು ಒಂದು ವರ್ಷ ಜನ ಓಡಿಸಿದ ಮೇಲೆ ಡೇಟಾ ನೋಡಿ ಕೊಡ್ಲಿ. ಮತ್ತೆ ನಿಮ್ಮಲ್ಲೂ ಒಂದು ವಿನಂತಿ, ಪ್ಲಗ್-ಇನ್ ಕಾರಿನ ಸುದ್ದಿ ಹಾಕುವಾಗ ಕಂಪನಿ ಹೇಳೋ ಆ ಒಂದು ದೊಡ್ಡ ಮೈಲೇಜ್ ನಂಬರ್ ಮಾತ್ರ ಹಾಕ್ಬೇಡಿ, ಬರೀ ಬ್ಯಾಟರಿ ಮೇಲೆ ಎಷ್ಟು ಕಿ.ಮೀ. ಹೋಗುತ್ತೆ, ಬ್ಯಾಟರಿ ಖಾಲಿ ಆದ್ಮೇಲೆ ಲೀಟರಿಗೆ ಎಷ್ಟು ಕೊಡುತ್ತೆ, ಇವೆರಡನ್ನೂ ಬೇರೆಬೇರೆಯಾಗಿ ಪ್ರಿಂಟ್ ಮಾಡಿ.

ಇಂತಿ,
ನಿಮ್ಮ ಓದುಗ,
ಜಯನಗರ, ಬೆಂಗಳೂರು