ಹಂಚುವುದೇ ಬೇರೆ, ಮಾರುವುದೇ ಬೇರೆ

ಸಂಪಾದಕರೇ,

ಹಳೆಯ ಪಂಕ್ ರಾಕ್ (ಒರಟು, ವೇಗದ ರಾಕ್ ಸಂಗೀತ) ಬ್ಯಾಂಡ್‌ಗಳ ಲೈವ್ ರೆಕಾರ್ಡಿಂಗ್‌ಗಳನ್ನು ಅಭಿಮಾನಿಗಳು ಒಬ್ಬರಿಗೊಬ್ಬರು ಕೊಡುವುದೆಲ್ಲ ಪೈರಸಿಯೇ ಎಂದು ವಾದಿಸಿದ ಪತ್ರವೊಂದು ಇದೇ ಅಂಕಣದಲ್ಲಿ ಬಂದಿತ್ತು. ಕಲಾವಿದರ ಹೊಟ್ಟೆ ಮೇಲೆ ಹೊಡೆಯಬಾರದು ಎಂಬ ಅವರ ಮಾತಿಗೆ ನನ್ನದೂ ಒಪ್ಪಿಗೆ ಇದೆ. ಆದರೆ ಅಂಗಡಿಯಲ್ಲಿ ಸಿಗುವ ಆಲ್ಬಂ ಕದಿಯುವುದಕ್ಕೂ, ಎಲ್ಲೂ ಮಾರಾಟಕ್ಕೇ ಬರದ ಒಂದು ರಾತ್ರಿಯ ಟೇಪನ್ನು ಕಾಸು ತಗೊಳ್ಳದೆ ಹಂಚುವುದಕ್ಕೂ ಏನೂ ವ್ಯತ್ಯಾಸ ಇಲ್ವಾ?

1976ರ ಜೂನ್ 4ರಂದು ಮ್ಯಾಂಚೆಸ್ಟರ್‌ನ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಇಂಗ್ಲೆಂಡಿನ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್‌ನವರು ಹಾಡಿದರು. ಆಗ ಅವರಿಗಿನ್ನೂ ರೆಕಾರ್ಡ್ ಕಂಪನಿಯೇ ಇರಲಿಲ್ಲ. ಕೇಳಲು ಬಂದವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ಮುಂದೆ ಜಾಯ್ ಡಿವಿಷನ್ ಎಂಬ ಬ್ಯಾಂಡ್ ಕಟ್ಟಿದ ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್ ಇದ್ದರು. 'ನಾನೂ ಅವತ್ತು ಅಲ್ಲಿದ್ದೆ' ಎನ್ನುವವರನ್ನೆಲ್ಲ ಸೇರಿಸಿದರೆ ಆ ಹಾಲ್ ಸಾಲುವುದಿಲ್ಲ ಬಿಡಿ! ಆದರೆ ಅವತ್ತು ನಿಜಕ್ಕೂ ಏನು ಕೇಳಿಸಿತು ಎಂದು ತಿಳಿಯಬೇಕಾದರೆ ನಮಗಿರುವುದು ಪ್ರೇಕ್ಷಕರ ನಡುವಿನಿಂದ ಯಾರೋ ಹಿಡಿದ ಗೊರಗೊರ ಟೇಪು. ಅದು ಕೈಯಿಂದ ಕೈಗೆ ದಾಟಿ ಉಳಿಯಿತು.

ಈ ವಿಷಯದಲ್ಲಿ ನನಗೆ ಜಾಸ್ತಿ ಇಷ್ಟವಾದವರು ವಾಷಿಂಗ್ಟನ್ ಡಿ.ಸಿ.ಯ ಫುಗಾಝಿ. 1987ರಿಂದ 2002ರವರೆಗೆ ಸಾವಿರಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟ ಬ್ಯಾಂಡ್ ಇದು. ಟಿಕೆಟ್ ಸಾಮಾನ್ಯವಾಗಿ ಐದು ಡಾಲರ್. ಅವರ ಸೌಂಡ್ ಎಂಜಿನಿಯರ್‌ಗಳು ಎಂಟುನೂರಕ್ಕೂ ಹೆಚ್ಚು ರಾತ್ರಿಗಳನ್ನು ಮೊದಲು ಕ್ಯಾಸೆಟ್‌ನಲ್ಲಿ, ಆಮೇಲೆ ಡಿಜಿಟಲ್ ಟೇಪಿನಲ್ಲಿ ಹಿಡಿದಿಟ್ಟಿದ್ದರು. 2011ರ ಡಿಸೆಂಬರ್‌ನಲ್ಲಿ ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ರೆಕಾರ್ಡ್ ಕಂಪನಿಯ ಮೂಲಕ ಮೊದಲ ಕಂತಾಗಿ 130 ಕಾರ್ಯಕ್ರಮಗಳನ್ನು ಇಂಟರ್ನೆಟ್‌ಗೆ ಹಾಕಿ, ಒಂದಕ್ಕೆ ಐದು ಡಾಲರ್ ಕೊಡಿ, ಆಗದಿದ್ದರೆ ಒಂದೇ ಡಾಲರ್ ಸಾಕು, ಮನಸ್ಸಿದ್ದರೆ ನೂರು ಕೊಡಿ ಎಂದರು. ಧ್ವನಿ ಕೆಟ್ಟದಾಗಿದ್ದರೆ ಕೆಟ್ಟದು ಎಂದೇ ಬರೆದಿಟ್ಟರು. ಗಾಯಕ ಇಯಾನ್ ಮೆಕೇ ಹಾಡನ್ನು ಅರ್ಧಕ್ಕೆ ನಿಲ್ಲಿಸಿ, ಮುಂದೆ ನಿಂತವರನ್ನು ತಳ್ಳಬೇಡಿ ಎಂದು ಗದರುವುದೂ ಇವುಗಳಲ್ಲಿ ಕೇಳುತ್ತದೆ. ಮಾತು ಕೇಳದವನನ್ನು ಹೊರಗೆ ಹಾಕುವಾಗ ಅವನ ಐದು ಡಾಲರ್ ವಾಪಸ್ ಕೊಟ್ಟು ಕಳಿಸುತ್ತಿದ್ದರಂತೆ! ಸ್ಟುಡಿಯೋ ಆಲ್ಬಂನಲ್ಲಿ ಇದೆಲ್ಲ ಎಲ್ಲಿ ಸಿಗಬೇಕು?

ಹಂಚುವವರಲ್ಲೂ ಕಟ್ಟುಪಾಡು ಇದೆ. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿದಷ್ಟೂ ಸುಯ್ ಎನ್ನುವ ಸದ್ದು ಜಾಸ್ತಿಯಾಗುತ್ತದೆ ಎಂದು, ಇದು ಎಷ್ಟನೇ ಕಾಪಿ, ಎಲ್ಲಿ, ಯಾವ ದಿನ, ಯಾವ ಮೈಕಿನಲ್ಲಿ ಹಿಡಿದದ್ದು ಎಂದು ಒಂದು ಚೀಟಿ ಜೊತೆಗಿಡುತ್ತಾರೆ. ಫೈಲ್ ಧ್ವನಿಯ ಗುಣ ಕಳೆಯದ ಫ್ಲ್ಯಾಕ್ ರೂಪದಲ್ಲೇ ಇರಬೇಕು, ಗುಣ ಕಡಿಮೆಯಾಗುವ ಎಂಪಿ3 ಮಾಡಿ ಮುಂದೆ ದಾಟಿಸಿದರೆ ಬೈಗುಳ ಗ್ಯಾರಂಟಿ. ಮಾರುವ ಹಾಗಿಲ್ಲ. ಅದೇ ಕಾರ್ಯಕ್ರಮವನ್ನು ಬ್ಯಾಂಡ್ ಅಧಿಕೃತವಾಗಿ ಬಿಡುಗಡೆ ಮಾಡಿದರೆ ಹಂಚುವುದನ್ನು ನಿಲ್ಲಿಸಬೇಕು. ಎಲ್ಲರೂ ಪಾಲಿಸುತ್ತಾರೆ ಎಂದು ನಾನು ಹೇಳುವುದಿಲ್ಲ. ಹಳೆಯ ದಾಖಲೆಗಳನ್ನು ಕೂಡಿಡುವ ಜಾಲತಾಣ ಇಂಟರ್ನೆಟ್ ಆರ್ಕೈವ್ ಮಾತ್ರ 2002ರಲ್ಲಿ ಲೈವ್ ಸಂಗೀತದ ವಿಭಾಗ ಶುರುಮಾಡಿದಾಗಿನಿಂದ ಬ್ಯಾಂಡ್‌ನವರ ಒಪ್ಪಿಗೆ ಕೇಳಿಕೊಂಡೇ ಬಂದಿದೆ. ನನ್ನ ಪ್ರಕಾರ ಇದೇ ಸರಿಯಾದ ದಾರಿ.

ಕಾನೂನಿನ ಮಾತಿಗೆ ಬಂದರೆ, ಆ ಪತ್ರದವರು ಹೇಳಿದ್ದು ಪೂರ್ತಿ ತಪ್ಪೇನಲ್ಲ. ನಮ್ಮ ಕಾಪಿರೈಟ್ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ವೇದಿಕೆ ಮೇಲೆ ಹಾಡಿದವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. ಸ್ವಂತಕ್ಕೆ ಕೇಳಲು ರೆಕಾರ್ಡ್ ಮಾಡಿಕೊಂಡರೆ 39ನೇ ಸೆಕ್ಷನ್ ತಡೆಯುವುದಿಲ್ಲ, ಊರಿಗೆಲ್ಲ ಹಂಚಲು ಹೋದರೆ ಹಾಡಿದವರ ಒಪ್ಪಿಗೆ ಕೇಳಬೇಕು. ಹಾಗಾಗಿ ಬ್ಯಾಂಡ್ ಬೇಡ ಎಂದರೆ ಬೇಡ, ಅಷ್ಟೇ. ಅಲ್ಲಿ 'ನಾನು ದೊಡ್ಡ ಅಭಿಮಾನಿ' ಎಂಬ ನೆಪ ನಡೆಯಬಾರದು.

ಹಾಗಂತ ಹಂಚಿಕೊಳ್ಳಿ ಎಂದ ಬ್ಯಾಂಡ್‌ಗಳ ಟೇಪನ್ನೂ ಕಳ್ಳಮಾಲು ಅನ್ನೋದು ಯಾವ ನ್ಯಾಯ? ಧಾರವಾಡದ ಕಡೆ ಹಿಂದೂಸ್ತಾನಿ ಬೈಠಕ್‌ಗಳ ಹಳೆಯ ಕ್ಯಾಸೆಟ್‌ಗಳನ್ನು ರಸಿಕರು ಪರಸ್ಪರ ಕೊಟ್ಟು ತಗೊಂಡಿದ್ದನ್ನು ಯಾರೂ ಕಳ್ಳತನ ಎನ್ನಲಿಲ್ಲವಲ್ಲ. ಅದೇ ಟೇಪಿಗೆ ಬಣ್ಣದ ಕವರ್ ಹಾಕಿ, ಸಿಡಿ ಮಾಡಿ, ಕಲಾವಿದರಿಗೆ ನಯಾಪೈಸೆ ಕೊಡದೆ ದುಬಾರಿ ಬೆಲೆಗೆ ಮಾರುವ ಬೂಟ್‌ಲೆಗ್ ದಂಧೆಯವರು ಇದ್ದಾರೆ. ಅವರ ಮೇಲೆ ಧಾರಾಳವಾಗಿ ಕೇಸ್ ಹಾಕಲಿ, ನನ್ನದೇನೂ ತಕರಾರಿಲ್ಲ.

ಇಂತಿ,
ನಿಮ್ಮ ಓದುಗ, ಮೈಸೂರು